ಸ್ವಾಟೋ ಅಂತಲೇ ಬರೀರಿ

“ಲಿವರ್‌ಪೂಲಿಂದ ಬಂದಿದೆ ಮೇಷ್ಟ್ರೇ, ಏನಂತೆ ನೋಡಿ,” ಎನ್ನುತ್ತ ಸೋಕೆಂಗ್ ಒಂದು ಕಟ್ಟನ್ನು ಖೂ ಮೇಷ್ಟ್ರ ಮೇಜಿನ ಮೇಲಿಟ್ಟಳು. ಚೀನಾದ ಆ ಬಂದರು ಊರಿನ ಅಂಚೆ ಕಚೇರಿಯ ಜಗಲಿಯಲ್ಲಿ ಕೂತು ಓದು ಬಾರದವರಿಗೆ ಕಾಗದ ಬರೆದುಕೊಡುವುದು ಮೇಷ್ಟ್ರ ಕಸುಬು. ಹಡಗಿನ ಕೆಲಸಕ್ಕೆ ಹೋಗಿ ಅಲ್ಲೇ ಉಳಿದ ಅವಳ ಗಂಡನಿಗೂ ಅವರೇ ಬರೆಯುತ್ತಿದ್ದರು.

ದಾರ ಬಿಚ್ಚಿದರೆ ಒಳಗೆ ತಾವೇ ಬರೆದ ಐದು ಕಾಗದ, ಜೊತೆಗೊಂದು ಚೀಟಿ. ಗಂಡನ ಜೊತೆಗಾರ ಬರೆದದ್ದು. ಮೇಷ್ಟ್ರು ಮನಸ್ಸಿನಲ್ಲೇ ಓದಿಕೊಂಡರು.

“ಅತ್ತಿಗೆ, ಅಣ್ಣ ಈ ಚಳಿಗಾಲದಲ್ಲಿ ತೀರಿಕೊಂಡ. ಹಡಗಿಗೆ ಪೆಟ್ಟಿಗೆ ಹೊತ್ತ ಕಾಲದಲ್ಲಿ ಅವುಗಳ ಮೇಲೆ ನೋಡಿ ನೋಡಿ, ಇಂಗ್ಲಿಷಿನಲ್ಲಿ ಸ್ವಾಟೋ ಎಂಬ ನಿಮ್ಮೂರಿನ ಹೆಸರೊಂದನ್ನು ಮಾತ್ರ ಗುರುತು ಹಿಡಿಯುತ್ತಿದ್ದ. ನಾವಿದ್ದ ಬಾಡಿಗೆಮನೆಯ ಟಪಾಲು ರಾಶಿಯಲ್ಲಿ ಆ ಹೆಸರಿದ್ದ ಲಕೋಟೆ ಆರಿಸಿ ತಂದು ನನ್ನಿಂದ ಓದಿಸಿಕೊಳ್ಳುತ್ತಿದ್ದ. ಒಂದು ವರ್ಷದಿಂದ ಅವನಿಗೆ ಅದು ಕಾಣಲಿಲ್ಲ. ‘ಅವಳು ನನ್ನ ಮರೆತಳು ಕಣೋ’ ಎನ್ನುತ್ತಲೇ ಹೋದ. ಯಾರೂ ಎತ್ತಿಕೊಳ್ಳದ ಟಪಾಲನ್ನು ಮನೆಯೊಡತಿ ತೆಗೆದಿಡುತ್ತಿದ್ದಳು, ಇವು ಅದರಲ್ಲಿ ಸಿಕ್ಕವು. ಮೇಲೆ ಬೇರೆ ಊರಿನ ಹೆಸರಿದೆ. ಬಿಚ್ಚದೆ ಕಳಿಸಿದ್ದೇನೆ.”

ಮೇಷ್ಟ್ರು ಲಕೋಟೆಯ ಮೇಲೆ ತಾವು ಬರೆದ ಊರಿನ ಹೆಸರು ನೋಡಿದರು. “ಸ್ವಾಟೋ ಅಂತಲೇ ಬರೀರಿ, ಅವ್ರಿಗೆ ಗೊತ್ತಿರೋದು ಅದೊಂದೇ” ಎಂದು ಅವಳು ಪ್ರತಿ ಸಲ ಹೇಳುತ್ತಿದ್ದಳು. ಆದರೆ ಹೋದ ವರ್ಷ ಗೋಡೆಗೆ ಸೂಚನೆ ಅಂಟಿತು: ಇನ್ನು ಮುಂದೆ ಇಂಗ್ಲಿಷಿನಲ್ಲೂ ಊರಿನ ಹೆಸರು ಶಾಂಟೌ, ಸ್ವಾಟೋ ಅಲ್ಲ. ಇಂಗ್ಲಿಷ್ ಬಲ್ಲ ತಪ್ಪಿಗೆ ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಕೊರಳಿಗೆ ಹಲಗೆ ಕಟ್ಟಿಸಿಕೊಂಡು ಬೀದಿ ಸುತ್ತಿದ್ದ ಮನುಷ್ಯ, ಸರ್ಕಾರದ ಸೂಚನೆ ಮೀರುವ ಧೈರ್ಯವಿರಲಿಲ್ಲ. ಅವಳೆದುರು ತಲೆಯಾಡಿಸಿ ಹೊಸ ಹೆಸರನ್ನೇ ಬರೆದಿದ್ದರು. ಹಳೆಯದನ್ನು ಬರೆದಿದ್ದರೆ ಯಾರೂ ಕೇಳುತ್ತಿರಲಿಲ್ಲ, ಪಾಪ.

“ಏನ್ ಬರ್ದಿದಾರೆ?”

“ನಿಮ್ಮ ಯಜಮಾನ್ರು ಹೋಗ್ಬಿಟ್ರು, ತಾಯಿ.”

ಸೋಕೆಂಗ್ ಮಣೆಯ ಮೇಲೆ ಕುಸಿದು ಬಹಳ ಹೊತ್ತು ಅತ್ತಳು. ಮೇಷ್ಟ್ರು ಪುಟ್ಟ ಬಟ್ಟಲಿಗೆ ಚಹಾ ಬಗ್ಗಿಸಿ ಮುಂದಿಟ್ಟರು. ಅವಳು ಮುಟ್ಟಲಿಲ್ಲ.

“ನಾನು ಬರೆಸಿದ್ದೆಲ್ಲ ಕೇಳಿಸ್ಕೊಂಡ್ರಂತಾ? ಮೊಮ್ಮಗ ಹುಟ್ಟಿದ್ದು, ಕಾಯ್ತಾ ಇದೀನಿ ಅಂದಿದ್ದು?”

“ಎಲ್ಲಾ ಕೇಳಿದ್ರಂತೆ. ಒಂದೊಂದನ್ನೂ ಎರಡೆರಡು ಸಲ ಓದಿಸ್ಕೊಂಡ್ರಂತೆ.”

ಅವಳು ಮೇಲಿದ್ದ ಲಕೋಟೆಯನ್ನು ಕೈಗೆತ್ತಿಕೊಂಡು ಅದರ ಬಾಯಿಯ ಮೇಲೆ ಹೆಬ್ಬೆರಳು ಆಡಿಸಿದಳು.

“ಇದನ್ನ ಅಂಟಿಸಿದ್ದು ನಾನೇ ಮೇಷ್ಟ್ರೇ, ಅನ್ನ ಹಚ್ಚಿ,” ಎಂದಳು. “ಅಗಳು ಹಾಗೇ ಇದೆ.”