ಅಳಿವೆಯ ಮಣ್ಣು

"ಮುಟ್ಬೇಡಿ ದೊಡ್ಡಮ್ಮ, ಟೆಸ್ಟಿಗೆ ಇಟ್ಟಿರೋದು!" ಎಂದು ಸಂಶೋಧಕಿ ಇಂದು ಕೂಗುವಷ್ಟರಲ್ಲಿ ಸೊಣ್ಣಮ್ಮನ ಕೈ ತಟ್ಟೆಯ ಕಪ್ಪು ಮಣ್ಣಿನ ಮೇಲಿತ್ತು. ಯಲಹಂಕದ ಈ ಲ್ಯಾಬಿಗೆ ಅವರು ರಾಜಾನುಕುಂಟೆಯಿಂದ ಒಬ್ಬರೇ ಬಸ್ಸು ಹತ್ತಿ ಬಂದಿದ್ದರು. ಮಣ್ಣು ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆಯದು. ಹೋದ ವರ್ಷ ಗೆಳೆಯರೊಡನೆ ಅಲ್ಲಿ ಈಜಲು ಇಳಿದ ಅವರ ಮಗ ಸಿದ್ದುವಿನ ಹೆಣವೂ ಸಿಕ್ಕಿರಲಿಲ್ಲ.

"ಈ ಮಣ್ಣಾಗೆ ಕೆಲವು ವಸ್ತು ಸಾವಿರಾರು ವರ್ಸ ಕೊಳೀದೆ ಉಳ್ಕತವೆ ಅಂತ ನೀನೇ ಏಳಿದ್ದೆ ಕಣವ್ವ. ಅಂಗಾದ್ರೆ ನಮ್ ಸಿದ್ದೂನೂ ಇದ್ರಾಗೆ ಒಸಿ ಇರ್ತಾನೆ, ಅಲ್ವಾ?"

ಹಾಗೆ ಉಳಿಯುವುದು ಹೆಚ್ಚಾಗಿ ಎಲೆಯ ಮೇಣ, ಮರದ ನಾರಿನ ಅಂಶ, ಜೇಡಿಯ ಕಣಕ್ಕೆ ಕಚ್ಚಿಕೊಂಡ ಇಂಗಾಲ. ಅದು ಯಾರದು ಎಂದು ಇಲ್ಲಿನ ಯಾವ ಯಂತ್ರವೂ ಹೇಳಲಾರದು. ಇಲ್ಲ ಎನ್ನಲು ಇಂದುವಿಗೆ ಬಾಯಿ ಬರಲಿಲ್ಲ. ಹೌದು ಎಂದರೆ ಸುಳ್ಳಾಗುತ್ತಿತ್ತು.

"ಗೊತ್ತಾಗಲ್ಲ ದೊಡ್ಡಮ್ಮ," ಎಂದಳು ಕೊನೆಗೆ.

ಸೊಣ್ಣಮ್ಮ ತಲೆಯಾಡಿಸಿದರು, ಆದರೆ ಕೈ ತೆಗೆಯಲಿಲ್ಲ. ಆಗಷ್ಟೇ ಫ್ರಿಜ್ಜಿನಿಂದ ಹೊರಗಿಟ್ಟ ಮಣ್ಣನ್ನು, ಮಲಗಿದ ಮಗುವಿನ ಹಣೆಯೇನೋ ಎಂಬಂತೆ ಸವರತೊಡಗಿದರು. "ಎಷ್ಟ್ ತಣ್ಣಗಾಗ್ಬುಟ್ಟವ್ನೆ ನೋಡವ್ವ," ಎಂದರು.

ತಿಂಗಳುಗಟ್ಟಲೆ ಅಲೆದು ತಂದ ಮಾದರಿ ಕೈಯ ಜಿಡ್ಡು ತಾಗಿ ಕಣ್ಣೆದುರೇ ಕೆಟ್ಟುಹೋಯಿತು. ಇಂದು ಒಂದು ಸ್ಟೂಲು ಎಳೆದು ಅವರನ್ನು ಕೂರಿಸಿದಳು.