ಜೋತುಬಿದ್ದ ವಯರು

"ಅಯ್ಯೋ, ಅದನ್ನ ಕತ್ತರಿಸಬೇಡ!"

ಅಡುಗೆಮನೆ ಬಾಗಿಲಿನಿಂದ ಅತ್ತಿಗೆ ಕೂಗಿದ ರಭಸಕ್ಕೆ, ಸ್ಟೂಲಿನ ಮೇಲೆ ನಿಂತಿದ್ದ ಮೈದುನನ ಕತ್ತರಿ ಅಲ್ಲೇ ನಿಂತಿತು. ಮೀನಿನ ತೊಟ್ಟಿಯ ಮೇಲೆ ಛಾವಣಿಯಿಂದ ಇಳಿಬಿಟ್ಟ ಉದ್ದನೆಯ ದೀಪ, ಅದರಿಂದ ಗೋಡೆಯ ಪ್ಲಗ್ಗಿಗೆ ಹೋಗುವ ವಯರು. ಹೆಚ್ಚಾದ ವಯರನ್ನೆಲ್ಲ ದೀಪದ ಬೆನ್ನಿಗೆ ಸುತ್ತಿ, ಬಿಳಿ ಪ್ಲಾಸ್ಟಿಕ್ ಪಟ್ಟಿಗಳಿಂದ ಬಿಗಿದು, ಉಳಿದದ್ದನ್ನು ಪ್ಲಗ್ಗಿನವರೆಗೆ ನೆಟ್ಟಗೆ ಎಳೆದು ಕಟ್ಟಲಾಗಿತ್ತು. ಒಂದಿಷ್ಟೂ ಜೋಲಿಲ್ಲ. ನೋಡಿದರೆ ಯಾರಾದರೂ ಭೇಷ್ ಅನ್ನಬೇಕು.

"ನಾನು ಕಟ್ಟಿದ್ದು ಅದು," ಎಂದು ಅತ್ತಿಗೆ ಕೈ ಒರೆಸಿಕೊಳ್ಳುತ್ತ ಹತ್ತಿರ ಬಂದಳು. "ನಿಮ್ಮಣ್ಣನ ತೊಟ್ಟಿಗೆ ನಾನು ಕೈ ಹಾಕಿದ್ದು ಅದೊಂದೇ ಸಲ. ಎಷ್ಟು ಖುಷಿಪಟ್ರು ಗೊತ್ತಾ? 'ಚೆನ್ನಾಗಿದೆ ಕಣೇ, ಹೀಗೇ ಇರ್ಲಿ' ಅಂದ್ರು."

ಗೊತ್ತಿತ್ತು. ಮೈದುನನಿಗೆ ಗೊತ್ತಿದ್ದದ್ದು ಅದಕ್ಕಿಂತ ಹೆಚ್ಚು. ಆ ತೊಟ್ಟಿ ಈ ಮನೆಗೆ ಬಂದದ್ದೇ ಸವತಿಯ ಹಾಗೆ. "ನಾನಿರಬೇಕು, ಇಲ್ಲ ಆ ಮೀನಿರಬೇಕು" ಎಂದು ಅತ್ತಿಗೆ ಹಟ ಹಿಡಿದದ್ದುಂಟು. "ಮೀನಾದ್ರೆ ಬಾಯಿ ತೆಗೆದ್ರೂ ಬಯ್ಯಲ್ಲ" ಎಂದು ಅಣ್ಣ ಉರಿಯುವ ಬೆಂಕಿಗೆ ತುಪ್ಪ ಸುರಿದದ್ದೂ ಉಂಟು. ಇಬ್ಬರೂ ವಾರಗಟ್ಟಲೆ ಮುಖ ತಿರುಗಿಸಿಕೊಂಡು ಓಡಾಡುತ್ತಿದ್ದರು. ಅಂಥವಳು ಒಂದು ದಿನ ಮುನಿಸೆಲ್ಲ ಬಿಟ್ಟು, ಯಾರೂ ಹೇಳದೆ ಸ್ಟೂಲು ಹತ್ತಿ, ಜೋತುಬಿದ್ದ ವಯರನ್ನು ಒಪ್ಪಮಾಡಿದ್ದಳು. ಅವತ್ತೇ ಅಣ್ಣನ ಫೋನು ಬಂದಿತ್ತು.

"ನಿಮ್ಮತ್ತಿಗೆ ರಾಜಿಗೆ ಬಂದಿದ್ದಾಳೆ ಕಣೋ! ಆದ್ರೆ ವಯರು ತಪ್ಪಾಗಿ ಕಟ್ಟಿದ್ದಾಳೆ. ಅದಕ್ಕೊಂದು ಹೊಟ್ಟೆ ಬಿಡಬೇಕು. ಪ್ಲಗ್ಗಿಗಿಂತ ಕೆಳಕ್ಕೆ ಇಳಿದು ಮತ್ತೆ ಮೇಲೆ ಹತ್ತಬೇಕು. ಆಗ ತೊಟ್ಟಿಯಿಂದ ದೀಪಕ್ಕೆ ಸಿಡಿದು ವಯರಿನ ಮೇಲೆ ಹರಿದು ಬಂದ ನೀರು ಅಲ್ಲಿಂದಲೇ ನೆಲಕ್ಕೆ ತೊಟ್ಟಿಕ್ಕುತ್ತೆ. ಈಗ ನೋಡು, ನೀರಿಗೆ ಸೀದಾ ಪ್ಲಗ್ಗಿನೊಳಕ್ಕೇ ದಾರಿ ಆಗಿದೆ. ಏನ್ ಮಾಡ್ಲೋ, ಬಿಚ್ಚೋಕೆ ಮನಸ್ಸೇ ಬರ್ತಿಲ್ಲ."

"ಇರ್ಲಿ ಬಿಡಣ್ಣ, ನಾಲ್ಕು ದಿನ ಕಳೀಲಿ. ಅವರಿಲ್ಲದಾಗ ಸರಿ ಮಾಡು," ಎಂದು ಮೈದುನ ನಕ್ಕಿದ್ದ.

ಅಣ್ಣನಿಗೆ ಆ ನಾಲ್ಕು ದಿನ ಸಿಗಲಿಲ್ಲ. ತೊಟ್ಟಿ ತೊಳೆದು, ದೀಪ ಆರಿಸಲೆಂದು ಪ್ಲಗ್ಗಿಗೆ ಕೈ ಹಾಕಿದವನು ನಿಂತಲ್ಲೇ ಕುಸಿದ, ಮತ್ತೆ ಏಳಲಿಲ್ಲ. ಒದ್ದೆ ಕೈಯಲ್ಲಿ ಮುಟ್ಟಿದ, ಹಣೆಬರಹ ಎಂದು ಬಂದವರೆಲ್ಲ ಹೇಳಿ ಹೋದರು. ಸುಟ್ಟ ಪ್ಲಗ್ಗು ಬದಲಿಸಿದ ಎಲೆಕ್ಟ್ರಿಷಿಯನ್ ಕೂಡ ತಲೆಯೆತ್ತಿ ವಯರನ್ನು ನೋಡಲಿಲ್ಲ. ಅಣ್ಣನ ಆ ಫೋನನ್ನೂ, 'ಇರ್ಲಿ ಬಿಡಣ್ಣ' ಎಂದ ತನ್ನ ಮಾತನ್ನೂ ಮೈದುನ ಯಾರಿಗೂ ಹೇಳಲಿಲ್ಲ.

"ಅತ್ತಿಗೆ, ಈ ತೊಟ್ಟಿ ಇಲ್ಲಿ ಬೇಡ. ಮೀನೆಲ್ಲ ನಾನು ತಗೊಂಡು ಹೋಗ್ತೀನಿ."

"ಎಲ್ಲಿಗೆ? ಈ ಮನೇಲಿ ಈಗ ಉಸಿರಾಡ್ತಿರೋದು ನಾನು, ಅವು. ಇನ್ಮೇಲೆ ನಾನೇ ನೋಡ್ಕೋತೀನಿ. ನಾಳೆ ನೀರು ಬದಲಿಸಬೇಕು, ನೀನು ಹೇಳಿಕೊಡು."

ಮೈದುನ ಮತ್ತೆ ಕತ್ತರಿ ಎತ್ತಿದ. "ಹಂಗಾದ್ರೆ ವಯರು ಸ್ವಲ್ಪ ಸಡಿಲ ಇರ್ಲಿ. ಎಳೆದು ಕಟ್ಟಿದ್ರೆ ಒಳಗೇ ತುಂಡಾಗುತ್ತೆ," ಎಂದು ಬಾಯಿಗೆ ಬಂದ ಸುಳ್ಳು ಹೇಳಿ, ಅವಳು ಇನ್ನೊಂದು ಮಾತಾಡುವ ಮೊದಲೇ ಪಟ್ಟಿಗಳನ್ನೆಲ್ಲ ಪಟಪಟನೆ ಕತ್ತರಿಸಿಬಿಟ್ಟ. ವಯರು ಕೆಳಗೆ ಜೋತುಬಿತ್ತು. ಅತ್ತಿಗೆ ಬಗ್ಗಿ ತುಂಡುಗಳನ್ನು ಒಂದೊಂದಾಗಿ ಹೆಕ್ಕಿ ಮುಷ್ಟಿಯಲ್ಲಿ ಇಟ್ಟುಕೊಂಡಳು.

"ನಿನಗೂ ನನ್ನ ಕೈಕೆಲಸ ಹಿಡಿಸಲಿಲ್ಲ," ಎಂದಳು, ಅಷ್ಟೇ.

ಕಲ್ಲುಮನಸ್ಸಿನವನು ಅಂದುಕೊಳ್ಳಲಿ, ನಿಜ ಗೊತ್ತಾಗುವುದಕ್ಕಿಂತ ಅದೇ ವಾಸಿ ಎಂದು ಮೈದುನ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದ. ಅಳುವಿನ ಸದ್ದು ಹೊರಗೆ ಕೇಳಬಾರದಿತ್ತು.

ಮುಖ ಒರೆಸಿಕೊಂಡು ಬಂದು ನೋಡುತ್ತಾನೆ, ಅತ್ತಿಗೆ ಸ್ಟೂಲಿನ ಮೇಲಿದ್ದಾಳೆ. ಹಲ್ಲಿನಲ್ಲಿ ಒಂದು ಹೊಸ ಪಟ್ಟಿ ಕಚ್ಚಿಕೊಂಡಿದ್ದಾಳೆ. ವಯರನ್ನು ಆಗಲೇ ಸುತ್ತಿ ಬಿಗಿದು ಪ್ಲಗ್ಗಿನವರೆಗೆ ನೆಟ್ಟಗೆ ತಂದಿದ್ದಾಳೆ.

"ತುಂಡಾಗದ ಹಾಗೆ ಮೆತ್ತಗೆ ಕಟ್ತಿದ್ದೀನಿ," ಎಂದಳು, ಪಟ್ಟಿಯನ್ನು ಬಾಯಿಂದ ತೆಗೆದು. "ಅವರು ಮೆಚ್ಚಿದ್ದು ಕಣೋ. ನಾನು ಇರೋ ತನಕ ಇದು ಹೀಗೇ ಇರುತ್ತೆ. ನೀನು ಕತ್ತರಿಸಿದ್ರೆ ನಾನು ಮತ್ತೆ ಕಟ್ತೀನಿ."

ಮೈದುನ ಹೋಗಿ ಮೇನ್ ಸ್ವಿಚ್ ಆರಿಸಿದ. ತೊಟ್ಟಿ ಕಪ್ಪಾಯಿತು. ಗೋಡೆಯ ಪಕ್ಕದ ಕುರ್ಚಿಯನ್ನು ಎಳೆದು ತಂದು ಅವಳ ಕಾಲ ಬಳಿ ಇಟ್ಟ.

"ಇಳೀರಿ ಅತ್ತಿಗೆ," ಎಂದ. "ಮೊದಲು ಇಲ್ಲಿ ಕೂತ್ಕೊಳ್ಳಿ. ಅಣ್ಣ ಅವತ್ತು ಫೋನಲ್ಲಿ ಹೇಳಿದ್ದನ್ನ ಹೇಳ್ತೀನಿ."