ಕಂಬದ ಕೊಟ್ಟಿಗೆಗೆ ಒಂದು ತಕರಾರು

ಪರವಾನಗಿ ಕಚೇರಿಯ ಗುಮಾಸ್ತ ನಕ್ಷೆಯನ್ನು ಮಡಿಸಿ ಅವಳತ್ತಲೇ ತಳ್ಳಿದ. "ಕೊಟ್ಟಿಗೆಗೆ ನಮ್ಮ ಅಡ್ಡಿಯೇನಿಲ್ಲಮ್ಮ. ಪಕ್ಕದ ಮನೆಯವರು ತಕರಾರು ಹಾಕಿದ್ದಾರೆ. ಅವರು ವಾಪಸ್ ತಗೊಂಡ್ರೆ ಸಹಿ ಹಾಕ್ತೀನಿ."

ಪಕ್ಕದ ಮನೆಯವರೆಂದರೆ ಭಾವ, ತೀರಿಕೊಂಡ ಗಂಡನ ಅಣ್ಣ. ಗಂಡ ಸತ್ತ ವರ್ಷವೇ ಬೇಲಿ ಎಲ್ಲಿ ಬರಬೇಕೆಂದು ಮಾತಿಗೆ ಮಾತು ಬೆಳೆದು ಎರಡು ಮನೆಗಳ ನಡುವೆ ಹೋಗಿಬರುವುದೇ ನಿಂತಿತ್ತು. ಅಂದಿನಿಂದ ಅವಳು ಬಾಯಿಬಿಟ್ಟು ಮಾತಾಡುತ್ತಿದ್ದದ್ದು ಹಸುಗಳ ಜೊತೆ ಮಾತ್ರ. ಅವು ಎದುರು ಮಾತಾಡುವುದಿಲ್ಲ.

ಬಸ್ಸಿಳಿದವಳು ಮನೆಗೂ ಹೋಗದೆ ಭಾವನ ಬಾಗಿಲು ಬಡಿದಳು.

"ಏನ್ ಭಾವ ಇದು? ಹುಲ್ಲಿಡೋಕೆ ನಾಲ್ಕು ಕಂಬ, ಮೇಲೆ ತಗಡು. ಅದೂ ನಿಮ್ಮ ಕಣ್ಣು ಕುಕ್ಕುತ್ತಾ? ಹುಲ್ಲೆಲ್ಲ ನೆನೆದು ಕೊಳೀತಿದೆ. ಹಸುಗಳು ಏನ್ ತಿನ್ಬೇಕು, ನನ್ನ ತಲೇನಾ?"

ಭಾವ ತೀರಾ ಸೊರಗಿಹೋಗಿದ್ದರು. ಅಂಗಿಯ ಒಂದು ಗುಂಡಿಯೂ ತನ್ನ ಕಾಜಿನಲ್ಲಿರಲಿಲ್ಲ. ದಾರಿಯುದ್ದಕ್ಕೂ ಮಸೆದುಕೊಂಡು ಬಂದಿದ್ದ ಉಳಿದ ಮಾತುಗಳನ್ನು ಬಿಟ್ಟು, ಅವಳು ಕೈಯಲ್ಲಿದ್ದ ನಕ್ಷೆಯನ್ನು ಕೆಳಗಿಳಿಸಿದಳು.

"ಕಟ್ಟಬೇಡ ಅಂದಿಲ್ಲ ನಾನು. ಸ್ವಲ್ಪ ಬಾವಿ ಕಡೆ ಸರಿಸ್ಕೊಂಡ್ರೆ..."

"ಯಾಕೆ?"

"ಬೇಲಿ ಹತ್ರ ಕಟ್ಟಿದ್ರೆ ನಿನ್ನ ಅಡುಗೆಮನೆ ಕಿಟಕಿ ಮರೆಯಾಗುತ್ತೆ."

"ಆದ್ರೆ ನಿಮಗೇನು?"

ಭಾವ ಹೊಸ್ತಿಲನ್ನೇ ನೋಡುತ್ತ ನಿಂತರು. "ಸಾಯಂಕಾಲ ಅಲ್ಲಿ ದೀಪ ಹತ್ತುತ್ತಲ್ಲ. ಅದು ಹತ್ತಿದ ಮೇಲೇನೇ ನಾನು ಊಟಕ್ಕೆ ಕೂರೋದು."

ಅವಳು ನಕ್ಷೆಯನ್ನು ಬಾಗಿಲ ಪಕ್ಕದ ಜಗಲಿಯ ಮೇಲೆ ಹರಡಿದಳು. ಭಾವ ಒಳಗಿನಿಂದ ಮೊಂಡು ಪೆನ್ಸಿಲ್ ಹುಡುಕಿ ತಂದರು. ಬಾವಿಯ ಹತ್ತಿರ ಹೊಸದಾಗಿ ಕಂಬಗಳ ಗುರುತು ಹಾಕಿದರು, ತಕರಾರಿಲ್ಲ ಎಂದು ಕೆಳಗೆ ಬರೆದರು, ಸಹಿಯನ್ನು ಅಂದವಾಗಿ ಮಾಡಿದರು. ಒಳಗೆ ಬಾ ಎನ್ನಲು ಅವರಿಗೆ ಬಾಯಿ ಬರಲಿಲ್ಲ. ಬರುತ್ತೇನೆ ಎನ್ನಲು ಅವಳಿಗೂ.

ಮನೆಗೆ ಬಂದು ಹಾಲು ಕರೆದಿಟ್ಟು, ಹೊತ್ತು ಮುಳುಗುತ್ತಲೇ ಅಡುಗೆಮನೆಯ ದೀಪ ಹಾಕಿದಳು. ಎಷ್ಟೋ ವರ್ಷಗಳ ಮೇಲೆ ಕಿಟಕಿಯಲ್ಲಿ ನಿಂತು ಬೇಲಿಯಾಚೆ ನೋಡಿದಳು. ಭಾವನ ಮನೆಯಲ್ಲಿ ಒಂದು ದೀಪವೂ ಇರಲಿಲ್ಲ. ಎಲ್ಲಿ ಹೋದರೋ ಎಂದುಕೊಳ್ಳುವಷ್ಟರಲ್ಲಿ, ಆ ಕತ್ತಲೊಳಗೆ ತಟ್ಟೆಗೆ ಸೌಟು ತಾಗಿದ ಸದ್ದು ಕೇಳಿತು.